ಹನ್ನೆರಡರ ಕಾಗದ

ಶುಕ್ರವಾರ ಸಂಜೆಯ ಸೈರನ್ ಕೂಗಿ
ಮತೊಜಿನ್ಯೂಷ್ ಬಂದರಿನ ಬೀದಿಯಲ್ಲಿ
ಭೂತಾಯಿ ಮೀನಿನ ವಾಸನೆಯಷ್ಟೇ ಉಳಿದಾಗ
ಒಳಗೆ ಹೋದೆವು, ನಾನು ಮತ್ತು ಎವುರಿಕು,
ಒಂದು ಡಬ್ಬಿ ಕಾರ್ಖಾನೆಯ ಅಂಚೆಯನ್ನೆಲ್ಲ
ಮೋಡಕ್ಕೆ ಸಾಗಿಸಲು.

ಮೋಡವೆಂದರೆ ಮೋಡವಲ್ಲ. ಅದೂ ಒಂದು ಕಟ್ಟಡ,
ಯಾವುದೋ ದೇಶದ್ದು, ಬೇಲಿಯಿದೆ, ಕಾವಲಿದೆ,
ತಿಂಗಳ ಬಾಡಿಗೆಯಿದೆ, ಅದೂ ತಲೆಯೆಣಿಸಿ.
ಮಾಲೀಕರ ಮಗಳು ಬೆನೆದೀತಾ ಪಟ್ಟಿ ಕೊಟ್ಟಿದ್ದಳು:
ಅರವತ್ತೆರಡು ವಿಳಾಸ,
ಬೇಡವಾದವರ ಮೇಲೆ ಕೆಂಪು ಗೆರೆ.

ಹಳೆಯ ಸರ್ವರ್ ಇದ್ದದ್ದು ಮೆಟ್ಟಿಲ ಕೆಳಗೆ
ಎಣ್ಣೆ ಪೀಪಾಯಿಗಳ ಪಕ್ಕ; ಅದರ ಫ್ಯಾನಿಗೂ ಜಿಡ್ಡು.
ಹದಿನಾಲ್ಕು ವರ್ಷ ಕೆಮ್ಮುತ್ತಲೇ ಕಾಗದ ಹಂಚಿತ್ತು.
ಒಮ್ಮೆ ನಿಂತುಹೋದಾಗ ಎವುರಿಕು ಒದ್ದು ಎಬ್ಬಿಸಿದ್ದನಂತೆ.
ತಗಡಿನ ಮೇಲಿನ ಬೂಟಿನ ಗುರುತು ತೋರಿಸಿದ,
ಮಗನ ಹಳೆಯ ಗಾಯ ತೋರಿಸುವವನ ಹಾಗೆ.

ಶನಿವಾರವಿಡೀ ಹಸಿರು ಗೆರೆ ತೆವಳಿತು.
ಆಲಿವ್ ಎಣ್ಣೆಯವನ ಜೊತೆ ಒಂಬತ್ತು ವರ್ಷದ ಜಗಳ,
ಆಂಟ್ವರ್ಪಿನಿಂದ ವಾಪಸು ಬಂದ ಉಬ್ಬಿದ ಡಬ್ಬಿಗಳ ಫೋಟೊ,
ಯಾರದೋ ಮದುವೆಯ ಚಂದಾ, ಕೊಡದವರ ಹೆಸರು,
‘ದಯವಿಟ್ಟು ನನ್ನ ಹಿಂದಿನ ಪತ್ರ ಓದಬೇಡಿ’ ಎಂಬ ಪತ್ರ,
ಹಿಂದಿನ ಪತ್ರ.
ನಾನು ಓದುವವನಲ್ಲ. ಮೂಟೆ ಹೊರುವವನಿಗೆ
ಅಕ್ಕಿಯ ರುಚಿ ಏಕೆ?
ಆದರೂ ಕಣ್ಣು ಕಣ್ಣೇ.

ಕೆಂಪು ಗೆರೆಯ ಕೆಳಗೊಂದು ಪೆಟ್ಟಿಗೆ. ಅದರಲ್ಲಿ
ಒಂದು ಲಕ್ಷ ಇಪ್ಪತ್ತೆರಡು ಸಾವಿರ ಪತ್ರ,
ಬಹುಪಾಲು ಒಂದೇ ಸಾಲಿನವು:
ಮೈನಸ್ ಹದಿನೆಂಟು. ಎಲ್ಲ ಸರಿ.
ಶೀತಕೋಣೆಯ ಗೋಡೆಯಲ್ಲಿರುವ ಯಂತ್ರ
ಗಂಟೆಗೊಂದು ಬರೆಯುತ್ತ ಬಂದಿದೆ.
ಒಂದು ಆಗಸ್ಟಿನ ನಡುರಾತ್ರಿ ಮಾತ್ರ ಮೈನಸ್ ಒಂಬತ್ತು,
ಮುಂದಿನ ಗಂಟೆ ಹದಿಮೂರು, ಮತ್ತೆ ಹದಿನೆಂಟು.
ಹಗಲಿನವು ಯಾರೂ ತೆರೆಯದೆ ದಪ್ಪಕ್ಷರದಲ್ಲೇ ಇದ್ದವು.
ರಾತ್ರಿ ಹತ್ತರಿಂದ ಆರರವರೆಗಿನವು
ಒಂದೂ ಬಿಡದೆ ಓದಿದವು.
‘ಯಾವುದೋ ನಿಯಮ ಕೆಟ್ಟಿರಬೇಕು’ ಎಂದ ಎವುರಿಕು.
ನಾನೂ ಹೂಂ ಅಂದೆ.

ಭಾನುವಾರ ರಾತ್ರಿ ಹನ್ನೊಂದೂಕಾಲಿಗೆ
ದಾರಿಯ ಫಲಕ ತಿರುಗಿಸಿದೆವು.
ಪರೀಕ್ಷೆಯ ಪತ್ರ ನಾಲ್ಕು ಸೆಕೆಂಡಿನಲ್ಲಿ ಬಂತು.
ಮೆಟ್ಟಿಲ ಕೆಳಗಿನ ಕೆಮ್ಮು ನಿಂತಿತು.
ಲೋಟ ಸಿಗದೆ ಖಾಲಿ ಮೀನಿನ ಡಬ್ಬಿಯಲ್ಲೇ
ವೈನು ಸುರಿದುಕೊಳ್ಳುತ್ತಿದ್ದಾಗ
ಬಾಗಿಲಲ್ಲಿ ರಾತ್ರಿ ಕಾವಲಿನ ಲುಡೊವೀನಾ,
ಕೈಯಲ್ಲಿ ಬಿರುಕುಬಿಟ್ಟ ಫೋನು.

‘ಹನ್ನೆರಡರದು ಬರಲಿಲ್ಲ.’
ಏನದು?
‘ಹನ್ನೆರಡರ ಕಾಗದ. ಈಗ ಒಂದರದ್ದೂ.’

ಕಾವಲಿನವರಿಗೆ ಕಂಪನಿಯ ವಿಳಾಸವಿಲ್ಲ.
ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ, ಕೆಂಪು ಗೆರೆ ಎಳೆಯಲಿಕ್ಕೂ.
ಈಗ ಕೆಲಸ ಬಿಟ್ಟಿರುವ ಯಾವ ಹುಡುಗನೋ
ಆ ಪೆಟ್ಟಿಗೆಯ ಕೀಲಿಯನ್ನು ಅವಳ ಫೋನಿಗೆ ಹಾಕಿಕೊಟ್ಟಿದ್ದ.
‘ಮೊದಲೆಲ್ಲ ನಾನೇ ಎದ್ದು ಹೋಗಿ ನೋಡುತ್ತಿದ್ದೆ,’ ಎಂದಳು.
‘ಆಮೇಲೆ ಅದೇ ಹೇಳತೊಡಗಿತು. ಕಾಫಿ ಆರುತ್ತಿರಲಿಲ್ಲ.’

ಎವುರಿಕು ವಿವರಿಸಿದ: ಹೊಸ ಮನೆಗೆ ಬೀಗದ ಮೇಲೆ ಬೀಗ,
ಗುರುತು ಕೇಳುತ್ತಾರೆ, ಗುರುತಿಗೂ ಗುರುತು ಕೇಳುತ್ತಾರೆ.
ಗೋಡೆಯ ಯಂತ್ರಕ್ಕೆ ಗೊತ್ತಿರುವುದು
ಹೆಸರು ಹೇಳಿ ಕಾಗದ ಕೊಡುವುದಷ್ಟೇ.
ಬಾಗಿಲಿಂದ ತಿರುಗಿ ಬಂದಿದೆ.
ದೂರು ಬರೆಯೋಣವೆಂದರೆ
ಅದಕ್ಕೂ ಆ ಬಾಗಿಲೇ ಬೇಕು.
ನಡುವೆ ಒಬ್ಬ ದಲ್ಲಾಳಿಯನ್ನು ಕೂರಿಸಬಹುದು,
ನಾಳೆ, ತಪ್ಪಿದರೆ ಮಂಗಳವಾರ.

ಪೂರ್ತಿ ಕೇಳಿಸಿಕೊಂಡಳು. ಮೇಜಿನ ಮೇಲಿದ್ದ
ಬೆನೆದೀತಾಳ ಪಟ್ಟಿಯನ್ನೂ ಪೆನ್ನನ್ನೂ
ಕೇಳದೆ ಎತ್ತಿಕೊಂಡು ಹೋದಳು.

ಮೂರಕ್ಕೆ ಮನೆಗೆ ಹೊರಟೆ.
ಶೀತಕೋಣೆಯ ಬಾಗಿಲಿಗೆ, ಮಗುಚಿ ಅಂಟಿಸಿದ
ಆ ಹಾಳೆ. ದುಂಡನೆಯ ಅಕ್ಷರ, ಕೆಂಪು ಶಾಯಿ:
ಒಂದೂವರೆ. ಮೈನಸ್ ಹದಿನೆಂಟು.
ಎರಡು. ಮೈನಸ್ ಹದಿನೆಂಟು.
ಮೂರು. ಶಾಯಿ ಇನ್ನೂ ಒದ್ದೆ.

ಎಲ್ಲ ಸರಿ ಎಂದು ಮಾತ್ರ
ಎಲ್ಲೂ ಬರೆದಿರಲಿಲ್ಲ.